ಗೋಸ್ಲಾರ್‌ಗೆ ಒಂದು ದಿನ ಸಾಕಾ?

ಸಾಕು.

ಇಷ್ಟೇ ನನ್ನ ಉತ್ತರ. ಅವಸರ ಇರುವವರು ಓದುವುದನ್ನು ಇಲ್ಲಿಗೇ ನಿಲ್ಲಿಸಿ ರೈಲು ಹತ್ತಬಹುದು. ಬ್ರೌನ್‌ಶ್ವೈಗ್‌ನಿಂದ ಹೊರಟರೆ ಗಂಟೆಯೊಳಗೆ ಇಳಿಸುತ್ತದೆ. ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಪೇಟೆ ಚೌಕ. ಫೋಟೊ ತೆಗೆದುಕೊಳ್ಳಿ. ಸಂಜೆ ವಾಪಸ್ ಬನ್ನಿ, ಅನ್ನ ಸಾರು ಮಾಡಿಟ್ಟಿರುತ್ತೇನೆ.

ಬ್ರೌನ್‌ಶ್ವೈಗ್‌ಗೆ ಬಂದು ಹನ್ನೊಂದು ವರ್ಷವಾಯಿತು. ಊರಿನಿಂದ ಬರುವವರು ಬರ್ಲಿನ್ ನೋಡುತ್ತಾರೆ, ಹ್ಯಾಂಬರ್ಗ್ ನೋಡುತ್ತಾರೆ, ನಡುವೆ ಒಂದು ದಿನ ಉಳಿದರೆ ನಮ್ಮ ಮನೆ ನೆನಪಾಗುತ್ತದೆ. ಆ ಉಳಿದ ದಿನಕ್ಕೆ ಏನಾದರೂ ಬೇಕಲ್ಲ. ಹಾರ್ಟ್ಸ್ ಬೆಟ್ಟಗಳ ಬುಡದಲ್ಲಿ ಹಳೇ ಊರೊಂದು ಇದೆಯಂತೆ, ತುಂಬಾ ಚೆನ್ನಾಗಿದೆಯಂತೆ. ಫೋನಿನಲ್ಲೇ ಶುರು: "ಒಂದು ದಿನ ಸಾಕಾ?" ಇನ್ನು ಕೆಲವರು, "ಅರ್ಧ ದಿನದಲ್ಲಿ ಮುಗಿಯುತ್ತಾ?" ಮುಗಿಯುವುದಕ್ಕೆ ಅದೇನು ಎಲೆ ಮೇಲಿನ ಊಟವಾ?

ಈ ಪ್ರಶ್ನೆ ಮೇಲೆ ನನಗೆ ಇಷ್ಟು ಸಿಟ್ಟು ಬರಲು ನಮ್ಮ ಷಡ್ಡಕ ಕಾರಣ. ಒಳ್ಳೆಯ ಮನುಷ್ಯ. ಆದರೆ ಊರು ನೋಡಲು ಹೊರಟರೆ ಕೈಯಲ್ಲಿ ಪಟ್ಟಿ ಇರುತ್ತದೆ, ನೋಡಿದ್ದಕ್ಕೆಲ್ಲ ಟಿಕ್ ಹಾಕುತ್ತಾರೆ. ಗೋಸ್ಲಾರ್‌ಗೆ ಅವರು ಕೊಟ್ಟದ್ದು ಎರಡೂವರೆ ಗಂಟೆ, ಅದರಲ್ಲಿ ಊಟವೂ ಸೇರಿತ್ತು.

ಚೌಕಕ್ಕೆ ಕಾಲಿಟ್ಟ ಕೂಡಲೇ ಸುತ್ತ ನೋಡಿ, "ಸೆಟ್ ಹಾಕಿದ ಹಾಗಿದೆ ಅಲ್ವಾ?" ಎಂದರು. ತಪ್ಪು ಅನ್ನಲಾರೆ. ಮರದ ಚೌಕಟ್ಟಿನ ಮನೆಗಳು, ಚೌಕಟ್ಟಿನ ನಡುವೆ ಮಣ್ಣು ಇಲ್ಲವೇ ಇಟ್ಟಿಗೆ. ಮೇಲಿನ ಮಹಡಿ ಕೆಳಗಿನದಕ್ಕಿಂತ ಒಂದು ಗೇಣು ಬೀದಿಗೆ ಚಾಚಿರುತ್ತದೆ, ಎದುರು ಮನೆಯವರ ಜೊತೆ ಗುಟ್ಟು ಮಾತಾಡಲು ಬಗ್ಗಿದ ಹಾಗೆ. ಮಾಡಿಗೆ, ಎಷ್ಟೋ ಕಡೆ ಗೋಡೆಗೂ, ಬೂದು ಬಣ್ಣದ ಸ್ಲೇಟು ಕಲ್ಲು. ನಾವು ಬಳಪ ಹಿಡಿದು ಅ ಆ ಇ ಈ ತಿದ್ದಿದೆವಲ್ಲ, ಆ ಸ್ಲೇಟಿನ ಕಲ್ಲೇ. ಇಂಥ ಹಳೇ ಮನೆಗಳು ಊರಲ್ಲಿ ಸುಮಾರು 1,500 ಇವೆ. ಒಂದು 1693ರದು, ಸೀಮೆನ್ಸ್ ಕುಟುಂಬದ ಮೂಲ ಮನೆ. "ನಮ್ಮ ಸೀಮೆನ್ಸಾ?" ಎಂದು ಷಡ್ಡಕ ಕಣ್ಣರಳಿಸಿದರು. ಟಿಕ್.

ಹನ್ನೆರಡು ಗಂಟೆಗೆ ಚೌಕದ ಗಡಿಯಾರ ಹಾಡಿತು. ಗೋಡೆಯಲ್ಲಿ ಪುಟ್ಟ ಬಾಗಿಲು ತೆರೆದು ಗೊಂಬೆಗಳ ಮೆರವಣಿಗೆ ಹೊರಟಿತು. ರಾಮ್ ಎಂಬ ಸರದಾರನ ಕತೆ ಅದರಲ್ಲಿದೆ. ಬೇಟೆಗೆ ಹೋದವನು ಕುದುರೆಯನ್ನು ಮರಕ್ಕೆ ಕಟ್ಟಿದನಂತೆ. ಕಾದು ಬೇಜಾರಾದ ಕುದುರೆ ಗೊರಸಿನಿಂದ ನೆಲ ಕೆರೆಯಿತು, ಬೆಳ್ಳಿ ಅದಿರು ಹೊಳೆಯಿತು. ಆ ಬೆಟ್ಟಕ್ಕೆ ರಾಮೆಲ್ಸ್‌ಬರ್ಗ್ ಎಂದು ಹೆಸರಾಯಿತು. ಅವನ ಹಿಂದೆಯೇ ಗಣಿ ಕೆಲಸಗಾರರ ಗೊಂಬೆಗಳು ಬಂದವು. ಅವು ಬರುವ ಹೊತ್ತಿಗೆ ಷಡ್ಡಕ ಗಡಿಯಾರಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆಯುತ್ತಿದ್ದರು.

ಅವರಿಗೆ ನಿಜಕ್ಕೂ ಇಷ್ಟವಾದದ್ದು ಎರಡು. ಒಂದು, ಕಾರಂಜಿಯ ತುದಿಯ ಚಿನ್ನದ ಹದ್ದು. ಸಾಮ್ರಾಜ್ಯದ ಹದ್ದಂತೆ, ನೋಡಿದರೆ ಕೋಳಿ. ಇನ್ನೊಂದು, 1494ರಲ್ಲಿ ಬಟ್ಟೆ ವ್ಯಾಪಾರಿಗಳು ಕಟ್ಟಿಸಿದ ಕೈಸರ್‌ವೋರ್ತ್ ಕಟ್ಟಡದ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತ ಪುಟ್ಟ ಕೆತ್ತನೆ. ಬೆತ್ತಲೆ ಮನುಷ್ಯ, ಹಿಂಬದಿಯಿಂದ ಚಿನ್ನದ ನಾಣ್ಯ ಉದುರಿಸುತ್ತಿದ್ದಾನೆ. ಮರ್ಯಾದೆಯಾಗಿ ಹೇಳುವುದಾದರೆ ಇಷ್ಟೇ ಹೇಳಬಹುದು. ಷಡ್ಡಕ ಅವನ ಜೊತೆ ನಾಲ್ಕು ಫೋಟೊ ತೆಗೆಸಿಕೊಂಡು ಆಫೀಸ್ ಗ್ರೂಪಿಗೆ ಕಳಿಸಿದರು.

ಊಟಕ್ಕೆ ಕೂತಾಗ ಗೋಸೆ ಬಿಯರ್ ತರಿಸಿದೆ. ಗೋಸೆ ಎಂಬ ಹೊಳೆ ಇದೆ, ಊರಿಗೂ ಬಿಯರಿಗೂ ಅದರದೇ ಹೆಸರು. ಇದಕ್ಕೆ ಉಪ್ಪು ಹಾಕುತ್ತಾರೆ, ಕೊತ್ತಂಬರಿ ಬೀಜ ಹಾಕುತ್ತಾರೆ, ಸ್ವಲ್ಪ ಹುಳಿಯೂ ಇರುತ್ತದೆ. ಷಡ್ಡಕ ಒಂದು ಗುಟುಕು ಕುಡಿದು, "ಇದು ಮಜ್ಜಿಗೆ ಕಣ್ರೀ. ಒಗ್ಗರಣೆ ಒಂದು ಮರೆತಿದ್ದಾರೆ" ಎಂದರು. ಗೋಸ್ಲಾರ್ ಬಗ್ಗೆ ನಮ್ಮ ನೆಂಟರು ಹೇಳಿದ ಮಾತುಗಳಲ್ಲಿ ಸರಿಯಾದದ್ದು ಇದೊಂದೇ.

ಆಮೇಲೆ ಕುರ್ಚಿಗೆ ಒರಗಿ, "ಓಲ್ಡ್ ವರ್ಲ್ಡ್ ಚಾರ್ಮ್ ಸೂಪರ್. ಒಂದು ದಿನವೇ ಜಾಸ್ತಿ ಬಿಡಿ" ಎಂದು ತೀರ್ಪು ಕೊಟ್ಟರು.

ನಾನು ಬಿಲ್ ಕೊಟ್ಟೆ. ಬೇರೆ ಏನು ಮಾಡಲಿ?

ಇವರ್ಯಾರೂ ಕೇಳದ ಪ್ರಶ್ನೆ ಒಂದಿದೆ. ಅದನ್ನು ಕೇಳಿದ್ದರೆ ನಾನೇ ಬಿಯರ್ ಕುಡಿಸಿ ಉತ್ತರ ಹೇಳುತ್ತಿದ್ದೆ. ಈ ಹಳೇ ಮನೆಗಳು ಯಾಕೆ ಉಳಿದವು?

ದುಡ್ಡು ಖಾಲಿಯಾದದ್ದಕ್ಕೆ ಉಳಿದವು.

ಗೋಸ್ಲಾರ್ ಬದುಕಿದ್ದೇ ಆ ಬೆಟ್ಟದಿಂದ. 968ರ ಹೊತ್ತಿಗೇ ಅಲ್ಲಿನ ಬೆಳ್ಳಿಯ ಬಗ್ಗೆ ಬರೆದಿಟ್ಟಿದ್ದಾರೆ. ಬೆಳ್ಳಿ, ತಾಮ್ರ, ಸೀಸ ಸಿಗುವ ಕಡೆ ರಾಜರು ಸುಮ್ನೆ ಇರುತ್ತಾರಾ? ಚಕ್ರವರ್ತಿ ಮೂರನೇ ಹೈನ್ರಿಷ್ 1040ರ ದಶಕದಲ್ಲಿ ಇಲ್ಲಿ ದೊಡ್ಡ ಅರಮನೆಯನ್ನೇ ಕಟ್ಟಿಸಿದ. 1056ರಲ್ಲಿ ಸತ್ತಾಗ ಅವನ ದೇಹ ಸ್ಪೈಯರ್‌ಗೆ ಹೋಯಿತು, ಹೃದಯ ಗೋಸ್ಲಾರ್‌ಗೆ ಬಂತು. ಈಗಲೂ ಅರಮನೆಯ ಪಕ್ಕದ ಚಾಪೆಲಿನಲ್ಲಿದೆ. ಊರಿನವರು ಗಣಿಯ ಆದಾಯದಲ್ಲಿ ಮೈ ಕೈ ತುಂಬಿಕೊಂಡರು. ಆ ನಾಣ್ಯದ ಮನುಷ್ಯನ ಕಟ್ಟಡ ಎದ್ದದ್ದು ಅಂಥ ಕಾಲದಲ್ಲೇ.

1552ರಲ್ಲಿ ಇನ್ನೊಬ್ಬ ಹೈನ್ರಿಷ್ ಬಂದ. ಇವನು ಪಕ್ಕದ ರಾಜ್ಯದ ಡ್ಯೂಕ್. ರೀಷೆನ್‌ಬರ್ಗ್ ಒಪ್ಪಂದದಲ್ಲಿ ಗಣಿಯನ್ನೂ ಸುತ್ತಲ ಕಾಡಿನ ಬಹುಪಾಲನ್ನೂ ಊರಿನ ಕೈಯಿಂದ ಕಿತ್ತುಕೊಂಡ. ಅದಿರು ಬೆಟ್ಟದಿಂದ ಬರುತ್ತಲೇ ಇತ್ತು, ದುಡ್ಡು ಮಾತ್ರ ಊರು ದಾಟಿ ಹೋಗುತ್ತಿತ್ತು. ಕೈಯಲ್ಲಿ ಕಾಸಿಲ್ಲದವರು ಮನೆ ಕೆಡವಿ ಹೊಸದು ಕಟ್ಟುತ್ತಾರಾ? ಸೋರಿದ ಕಡೆ ತೇಪೆ ಹಾಕಿ ಅದರಲ್ಲೇ ಇರುತ್ತಾರೆ. ನಮ್ಮಜ್ಜಿ ಮನೆಯ ಹೆಂಚು ಐವತ್ತು ವರ್ಷ ಉಳಿದದ್ದೂ ಪರಂಪರೆಯ ಪ್ರೀತಿಯಿಂದಲ್ಲ. ಎರಡನೇ ಮಹಾಯುದ್ಧದ ಬಾಂಬುಗಳಿಂದಲೂ ಈ ಊರು ಹೆಚ್ಚು ಕಡಿಮೆ ತಪ್ಪಿಸಿಕೊಂಡಿತು. ಉಳಿದದ್ದನ್ನು ನಾವು ಈಗ ಚಾರ್ಮ್ ಅನ್ನುತ್ತಿದ್ದೇವೆ.

ಬಡತನ ಎಲ್ಲವನ್ನೂ ಉಳಿಸಿತು ಅಂದುಕೊಳ್ಳಬೇಡಿ. ಅರಮನೆಯ ಎದುರು ಹೈನ್ರಿಷ್ ಕಟ್ಟಿಸಿದ ದೊಡ್ಡ ಚರ್ಚ್ ಇತ್ತು. ರಿಪೇರಿಗೆ ದುಡ್ಡಿಲ್ಲದೆ 1819ರಿಂದ 1822ರೊಳಗೆ ಅದನ್ನು ಕೆಡವಿಬಿಟ್ಟರು. ಉಳಿದದ್ದು ಮುಂದಿನ ಪಡಸಾಲೆ ಒಂದೇ. ಚರ್ಚ್ ಇದ್ದ ಜಾಗದಲ್ಲಿ ನಾನು ನೋಡಿದಾಗ ಕಾರುಗಳು ನಿಂತಿದ್ದವು. ಅರಮನೆಯನ್ನು ಕಾಳು ಕಡಿ ತುಂಬುವ ಕಣಜ ಮಾಡಿದ್ದರು. ಈಗ ಕಾಣುವ ಅದರ ಠೀವಿಯಲ್ಲಿ ಎಷ್ಟೋ ಪಾಲು 1868ರ ನಂತರದ ರಿಪೇರಿಯದು. ಷಡ್ಡಕರು "ಸೆಟ್" ಅಂದದ್ದು ಅರಮನೆಯ ಎದುರಲ್ಲಾಗಿದ್ದರೆ ಅರ್ಧ ಅಂಕ ಕೊಡುತ್ತಿದ್ದೆ.

ಇದನ್ನೆಲ್ಲ ಯಾಕೆ ಇಷ್ಟು ಹಚ್ಚಿಕೊಂಡಿದ್ದಾನೆ ಅನ್ನಿಸಬಹುದು. ನಾನು ಕುದುರೆಮುಖದಲ್ಲಿ ಬೆಳೆದವನು.

ಅಪ್ಪ ಅಲ್ಲಿನ ಕಬ್ಬಿಣದ ಅದಿರಿನ ಪ್ಲಾಂಟ್‌ನಲ್ಲಿ ಫಿಟ್ಟರ್. ಬೆಟ್ಟ ಅಗೆದು, ಅದಿರನ್ನು ಹಿಟ್ಟಿನ ಹಾಗೆ ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅದು ನಿಂತಿತು. ಕಾಡಿಗೆ, ಭದ್ರಾ ನದಿಗೆ ಒಳ್ಳೆಯದೇ ಆಯಿತು. ಅಪ್ಪನೂ ಇದನ್ನು ಒಪ್ಪುತ್ತಾರೆ, ಬೇರೆಯವರು ಹೇಳಿದರೆ ಮಾತ್ರ ಒಪ್ಪುವುದಿಲ್ಲ. ನಾವಿದ್ದ ಕ್ವಾರ್ಟರ್ಸ್ ಸಾಲಿಗೆ ಆಮೇಲೊಮ್ಮೆ ಹೋಗಿದ್ದೆ. ಮಳೆ ಬಂದು ಬಂದು ಗೋಡೆಯೆಲ್ಲ ಪಾಚಿ. ನಮ್ಮ ಮನೆ ಯಾವುದೆಂದು ಹುಡುಕಲು ಹೊತ್ತಾಯಿತು. ಅಲ್ಲಿ ಯಾರೂ ಓಲ್ಡ್ ವರ್ಲ್ಡ್ ಚಾರ್ಮ್ ಅನ್ನುವುದಿಲ್ಲ.

2019ರ ಬೇಸಿಗೆಯಲ್ಲಿ ಅಪ್ಪ ಒಬ್ಬರೇ ಬಂದಿದ್ದರು. ಅಮ್ಮನಿಗೆ ವಿಮಾನ ಆಗಿಬರುವುದಿಲ್ಲ. ಗೋಸ್ಲಾರ್‌ಗೆ ಹೊರಟೆವು. ಚೌಕ ತೋರಿಸಿದೆ, "ಹೂಂ" ಎಂದರು. ಸೀಮೆನ್ಸ್ ಮನೆ ತೋರಿಸಿದೆ, "ಹೂಂ". ಕುದುರೆ ನೆಲ ಕೆರೆದ ಕತೆ ಹೇಳಿದೆ. ಅದಕ್ಕೆ ಮಾತ್ರ ನಿಂತು ಮುಖ ನೋಡಿದರು. "ಇಲ್ಲಿ ಗೊರಸು, ನಮ್ಮಲ್ಲಿ ಮುಖ. ಎಲ್ಲ ಕಡೆ ಕುದುರೆದೇ ಕಿತಾಪತಿ. ಗಣಿ ಎಲ್ಲಿದೆ?"

ಗಣಿ ಊರಿನ ಅಂಚಿನಲ್ಲೇ ಇದೆ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅಗೆದು 1988ರ ಜೂನ್ 30ರಂದು ಮುಚ್ಚಿದರು. ನಾಲ್ಕೇ ವರ್ಷಕ್ಕೆ, 1992ರಲ್ಲಿ, ಊರಿನ ಜೊತೆ ಅದೂ ಯುನೆಸ್ಕೊ ಪಟ್ಟಿ ಸೇರಿತು. ಪಟ್ಟಿಯಲ್ಲಿ ಗಣಿಯ ಹೆಸರು ಮೊದಲು, ಊರಿನದು ಆಮೇಲೆ. ನಮ್ಮ ನೆಂಟರು ಗಣಿಗೆ ಹೋಗುವುದೇ ಇಲ್ಲ. ಒಂದು ದಿನದಲ್ಲಿ ಆಗುವುದಿಲ್ಲವಂತೆ.

ಬೆಟ್ಟದ ಇಳಿಜಾರಿಗೆ ಒರಗಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ದೊಡ್ಡ ಕಟ್ಟಡವೊಂದಿದೆ, 1930ರ ದಶಕದ್ದು. ನಾನು ಬೋರ್ಡ್ ಓದಿ ಹೇಳುವ ಮೊದಲೇ ಅಪ್ಪ, "ಅರೆಯೋ ಪ್ಲಾಂಟು. ಮೇಲೆ ಸುರಿಯೋದು, ಕೆಳಗೆ ಹಿಡಿಯೋದು. ಮೋಟಾರಿನ ಖರ್ಚು ಉಳೀತು" ಎಂದರು. ಆ ದಿನದ ಅವರ ಮೊದಲ ಉದ್ದನೆಯ ಮಾತು ಅದು.

ಕುದುರೆಮುಖದ್ದು ತೆರೆದ ಗಣಿ. ಹಾಗಾಗಿ ಇಷ್ಟು ವರ್ಷ ಗಣಿಯಲ್ಲಿದ್ದೂ ಅಪ್ಪ ನೆಲದೊಳಗೆ ಹೋಗಿದ್ದು ಅದೇ ಮೊದಲು. ತಲೆಗೆ ಹೆಲ್ಮೆಟ್ ಇಟ್ಟ ಕೂಡಲೇ ಹತ್ತು ವರ್ಷ ಚಿಕ್ಕವರಾದರು. ನಮ್ಮ ಗೈಡ್ ಹಿಂದೆ ಅಲ್ಲೇ ದುಡಿದಿದ್ದ ಮುದುಕ. ಒಳಗೆ ಫ್ರಿಜ್ಜಿನ ಹಾಗೆ ತಣ್ಣಗೆ. ನೀರು ಕಲ್ಲಿನೊಳಗಿನ ಲೋಹ ಕರಗಿಸಿ ಗೋಡೆಗೆಲ್ಲ ನೀಲಿ, ಹಸಿರು, ಹಳದಿ ಬಳಿದಿತ್ತು. ಹಿಂದಿನ ಕಾಲದಲ್ಲಿ ಇಲ್ಲಿನ ಗಟ್ಟಿ ಬಂಡೆ ಒಡೆಯಲು ಅದರ ಬುಡದಲ್ಲೇ ಸೌದೆ ಒಟ್ಟಿ ಬೆಂಕಿ ಹಾಕುತ್ತಿದ್ದರು. ಬಂಡೆ ಕಾದು ಬಿರಿಯುತ್ತಿತ್ತು. ಅದಕ್ಕೆ ಕಾಡಿಗೆ ಕಾಡೇ ಹೋಯಿತು.

ಆಮೇಲೆ ಆ ಚಕ್ರ. ಇನ್ನೂರು ಚಿಲ್ಲರೆ ವರ್ಷದ ಹಿಂದೆ ರೋಡರ್ ಎಂಬ ಗಣಿ ಅಧಿಕಾರಿ ಸುರಂಗದೊಳಗೆ ಕೂರಿಸಿದ ಮರದ ಚಕ್ರಗಳು. ನೆಲದ ಮೇಲಿನ ಕೆರೆಯಿಂದ ನೀರು ಒಳಗೆ ಬಂದು ಅವನ್ನು ತಿರುಗಿಸುತ್ತಿತ್ತು. ಒಂದು ಚಕ್ರ ಪಂಪಿಗೆ, ಇನ್ನೊಂದು ಅದಿರು ಮೇಲೆತ್ತಲು. ಈ ಎರಡನೆಯದಕ್ಕೆ ನೀರು ಹಿಡಿಯುವ ತೊಟ್ಟಿಗಳು ಎರಡು ಸಾಲು, ಒಂದು ಸಾಲು ಬಲಕ್ಕೆ ಮುಖ, ಇನ್ನೊಂದು ಎಡಕ್ಕೆ. ನೀರನ್ನು ಈ ಸಾಲಿಗೆ ಬಿಟ್ಟರೆ ಹೀಗೆ ತಿರುಗುತ್ತದೆ, ಆ ಸಾಲಿಗೆ ಬಿಟ್ಟರೆ ಹಾಗೆ. ನಾನು ತಡವರಿಸುತ್ತಾ ಅನುವಾದ ಮಾಡುತ್ತಿದ್ದೆ. ಅಪ್ಪ ಕೈಯಲ್ಲೇ ಎರಡು ಸಲ ತಿರುಗಿಸಿ ನೋಡಿ, "ರಿವರ್ಸ್ ಗೇರ್ ಕಣೋ!" ಎಂದು ಕೂಗಿದರು. ಸುರಂಗವೆಲ್ಲ ಗೇರ್ ಗೇರ್ ಎಂದಿತು. ಗೈಡ್ ಮುದುಕನಿಗೆ ಅನುವಾದ ಬೇಕಾಗಲಿಲ್ಲ. ಅಲ್ಲಿಂದ ಮುಂದೆ ಇಬ್ಬರೂ ಬೆರಳು, ಮೊಣಕೈ, ಬಾಯಿಯ ಗರ್ರ್ ಸದ್ದಿನಲ್ಲೇ ಮಾತಾಡಿಕೊಂಡರು. ಗುಂಪಿನ ಉಳಿದವರು ಚಳಿಯಲ್ಲಿ ಕಾದರು, ನಾನು ಎಲ್ಲರಿಗೂ ಸಾರಿ ಹೇಳಿದೆ.

ಹೊರಗೆ ಬಂದಾಗ ಎದುರಿನ ಗುಡ್ಡದಲ್ಲಿ ಕಂದು ಬಣ್ಣಕ್ಕೆ ತಿರುಗಿದ ಮರಗಳು. ಗಣಿಗೆ ಸೌದೆ ಬೇಕೆಂದು ಹಾರ್ಟ್ಸ್‌ನಲ್ಲಿ ಸಾಲು ಸಾಲು ಸ್ಪ್ರೂಸ್ ನೆಟ್ಟಿದ್ದರು. 2018ರ ಬರ ಬಂತು, ಹಿಂದೆಯೇ ತೊಗಟೆ ಕೊರೆಯುವ ಹುಳು ಬಂತು. ಅಪ್ಪ ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ನೋಡಿದರು. "ಇಲ್ಲಿ ಗಣಿ ಚೆನ್ನಾಗಿದೆ, ಕಾಡು ಹೋಗ್ತಿದೆ. ನಮ್ಮಲ್ಲಿ ಉಲ್ಟಾ" ಎಂದು ಬಾಳೆಹಣ್ಣು ಸುಲಿದರು.

ಮಾರನೇ ದಿನ ಬೆಳಿಗ್ಗೆ ಏಳಕ್ಕೇ ಶೂ ಹಾಕಿ ಕೂತಿದ್ದರು. ಗಣಿಯ ಪುಟ್ಟ ರೈಲು ಹತ್ತುವುದು ಬಾಕಿ ಇದೆಯಂತೆ. ನನಗೆ ಆಫೀಸು. ಟಿಕೆಟ್ ತೆಗೆದು ರೈಲು ಹತ್ತಿಸಿದೆ, ಒಬ್ಬರೇ ಹೋಗಿ ಸಂಜೆ ಒಬ್ಬರೇ ಬಂದರು. ಗಣಿಯವರು ಎದುರಾದಾಗ ಹೇಳುವ "ಗ್ಲ್ಯುಕ್ ಔಫ್" ಕಲಿತು ಬಂದಿದ್ದರು. ಮುಂದಿನ ಮೂರು ವಾರ ನಮ್ಮ ಬೀದಿಯ ಸೂಪರ್ ಮಾರ್ಕೆಟ್ಟಿನ ಕ್ಯಾಷಿಯರ್ ಹುಡುಗಿಗೂ ಅದನ್ನೇ ಹೇಳಿದರು. ಅವಳು ಮೊದಲು ಹೆದರಿದಳು, ಆಮೇಲೆ ತಾನೂ ಹೇಳಲು ಶುರು ಮಾಡಿದಳು.

ಹಾಗಾಗಿ ನಿಮಗೆ ಒಂದು ದಿನ ಸಾಕು. ನಮ್ಮಪ್ಪನಿಗೆ ಸಾಕಾಗಲಿಲ್ಲ.

ಅವರು ಊರಿಗೆ ಮರಳಿದ ಮೇಲೆ ಅಮ್ಮನಿಗೆ ಫೋಟೊ ತೋರಿಸುವಾಗ ನಾನೂ ವಿಡಿಯೊ ಕಾಲ್‌ನಲ್ಲಿದ್ದೆ. ಚಕ್ರ, ಚಕ್ರದ ಅಚ್ಚು, ಅಚ್ಚಿನ ಕೀಲು, ಹಳಿ, ಪೈಪು, ಮತ್ತೆ ಚಕ್ರ. "ಊರೆಲ್ಲಿ?" ಎಂದು ಅಮ್ಮ ಕೇಳಿದರು. ಊರಿನ ಫೋಟೊ ಒಂದೇ ಒಂದು ಸಿಕ್ಕಿತು, ಚೌಕದ ಮೂಲೆಯ ಆ ಬೆತ್ತಲೆ ಮನುಷ್ಯನದು. ಅಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದುಕೊಂಡರು.

"ಅಯ್ಯೋ, ಇವನು ಏನ್ರೀ ಮಾಡ್ತಿದಾನೆ?"

ಅಪ್ಪ ಕನ್ನಡಕ ಸರಿ ಮಾಡಿಕೊಂಡು ನೋಡಿದರು.

"ಗಣಿ ಕೆಲಸ" ಎಂದರು.