ಕಂಪಾಸು ಹಿಡ್ಕೊಂಡು ಕೊನೆಗಾರನ ಮನೆ ಹುಡುಕಿದ್ದು

ಹೋದ ಆಷಾಢದಲ್ಲಿ ಫ್ಲೈಯಿಂಗ್ ಸ್ಕೂಲಿಗೆ ರಜೆ ಹಾಕಿ ತೀರ್ಥಹಳ್ಳಿ ಹತ್ರ ದೊಡ್ಡಪ್ಪನ ಮನೆಗೆ ಬಂದಿದ್ದೆ, ಓದೋ ನೆಪದಲ್ಲಿ. ವಿಮಾನಯಾನ ಇಲಾಖೆ ಡಿಜಿಸಿಎ ನಡೆಸೋ ನ್ಯಾವಿಗೇಶನ್ (ದಾರಿ ಹುಡುಕೋ ಲೆಕ್ಕ) ಪೇಪರ್ ಪಾಸಾಗಕ್ಕೆ ನೂರಕ್ಕೆ 70 ಬೇಕು, ನಂಗೆ ಅದರದ್ದೇ ತಲೆಬಿಸಿ. ಹೊರಗೆ ಆಗುಂಬೆ ಕಡೆಯಿಂದ ನೂಕ್ಕೊಂಡು ಬರೋ ಜಡಿಮಳೆ, ಕರೆಂಟಿಲ್ಲ, ಟವರೂ ಸತ್ತಿತ್ತು. ದೊಡ್ಡಪ್ಪಂಗೆ ಅಡಿಕೆಗೆ ಕೊಳೆರೋಗ ಬರತ್ತೆ ಅನ್ನೋ ಚಿಂತೆ. ಗುಡ್ಡದಾಚೆ ಇರೋ, ಅಡಿಕೆ ಮರ ಹತ್ತೋ ಕೊನೆಗಾರನ ಮನೆಗೆ ಹೋಗಿ, ಮಳೆ ಹೊಳವಾದ ತಕ್ಷಣ ಬೋರ್ಡೋ ಔಷಧಿ ಹೊಡೆಯಕ್ಕೆ ಬರಬೇಕಂತೆ ಅಂತ ಹೇಳಿ ಬಾ ಮಾರಾಯ ಅಂದ್ರು.

ರಸ್ತೇಲಿ ಹೋದ್ರೆ ಏಳು ಕಿಲೋಮೀಟರ್ ಸುತ್ತು. ನಾನು ಹೋಗಿ ಸರ್ವೆ ಆಫ್ ಇಂಡಿಯಾದ ಹಳೇ ಟೋಪೋಶೀಟ್ ತೆಗೆದೆ, 1:50,000ದ್ದು, ಒಂದು ಸೆಂಟಿಮೀಟರ್ ಅಂದ್ರೆ 500 ಮೀಟರ್. ಸ್ಕೇಲ್ ಇಟ್ಟು ಗೆರೆ ಎಳೆದ್ರೆ ಸರಿಯಾಗಿ ನಾಲ್ಕು ಸೆಂಟಿಮೀಟರ್, ಎರಡು ಕಿಲೋಮೀಟರ್. ಕಾಡಲ್ಲಿ ಗಂಟೆಗೆ ಮೂರು ಕಿಲೋಮೀಟರ್ ನಡೀತೀನಿ ಅಂದ್ಕೊಂಡ್ರೆ 40 ನಿಮಿಷ, 20ನೇ ನಿಮಿಷಕ್ಕೆ ಹಳ್ಳ, ಅದು ದಾಟಿದ್ರೆ ಬ್ಯಾಣ, ಅಂದ್ರೆ ಹುಲ್ಲುಗಾವಲು, ಆಮೇಲೆ ಮನೆ. ನಿಜವಾದ ಉತ್ತರ ದಿಕ್ಕಿಗೂ ಕಂಪಾಸು ತೋರಿಸೋ ಉತ್ತರಕ್ಕೂ ಇರೋ ವ್ಯತ್ಯಾಸ ನಮ್ ಕಡೆ ಒಂದೆರಡು ಡಿಗ್ರಿ ಅಷ್ಟೆ, ಬಿಟ್ಟಾಕಿದೆ. ಡೆಡ್ ರೆಕನಿಂಗ್ ಅಂದ್ರೆ ಇಷ್ಟೇ, ದಿಕ್ಕು, ವೇಗ, ಟೈಮು, ಉಳಿದಿದ್ದು ನಂಬಿಕೆ. ದೊಡ್ಡಪ್ಪ ನನ್ನ ಲೆಕ್ಕದ ಕಾಗದ ನೋಡಿ ಏನೂ ಹೇಳ್ಲಿಲ್ಲ, ದಾರಿ ಸವರಕ್ಕೆ ಬೇಕಾಗತ್ತೆ ಅಂತ ಸೊಂಟಕ್ಕೆ ಕತ್ತಿ ಸಿಗಿಸಿ ಕಳಿಸಿದ್ರು.

ಮಂಜು ಎಷ್ಟಿತ್ತು ಅಂದ್ರೆ ಹತ್ತು ಮಾರು ಆಚೆ ಮರ ಕಾಣ್ತಿರ್ಲಿಲ್ಲ. ಇಂಥದ್ರಲ್ಲಿ ನಮ್ಮಂಥ ಕಲಿಯೋರನ್ನ ರನ್‌ವೇ ಹತ್ರಕ್ಕೂ ಬಿಡಲ್ಲ. ಗುಡ್ಡದ ಓರೇಲಿ ನಡೀವಾಗ ಒಂದು ವಿಷಯ ಗೊತ್ತಾಯ್ತು, ಮರ ಅಡ್ಡ ಬಂದಾಗೆಲ್ಲ ಕಾಲು ಇಳಿಜಾರಿನ ಕಡೆಗೇ ಸುತ್ತಾಕ್ಕೊಂಡು ಹೋಗತ್ತೆ, ಥೇಟ್ ಅಡ್ಡಗಾಳಿ ಇದ್ದಂಗೆ. ವಿಮಾನ 100 ನಾಟ್ಸ್ ವೇಗದಲ್ಲಿ ಹೋಗ್ತಿದ್ದು ಪಕ್ಕದಿಂದ 10 ನಾಟ್ಸ್ ಗಾಳಿ ಬೀಸಿದ್ರೆ ಮೂತೀನ ಗಾಳಿ ಕಡೆ ಆರು ಡಿಗ್ರಿ ತಿರುಗಿಸಿ ಇಟ್ಕೋಬೇಕು, ಅದಕ್ಕೇ ಅಂತ ಫ್ಲೈಟ್ ಕಂಪ್ಯೂಟರ್ ಅನ್ನೋ ವೃತ್ತಾಕಾರದ ಲೆಕ್ಕದ ತಟ್ಟೆ ತಿರುಗಿಸ್ತಾ ಕೂರ್ತೀವಿ. ಸರಿ, ಇಲ್ಲೂ ಮರ ಬಂದ್ರೆ ಒಂದ್ಸಲ ಮೇಲಿಂದ, ಒಂದ್ಸಲ ಕೆಳಗಿಂದ ಸುತ್ತಿದೆ. ಭಾರೀ ಬುದ್ಧಿವಂತ ನಾನು.

20 ನಿಮಿಷಕ್ಕೆ ಹಳ್ಳ ಬರ್ಲಿಲ್ಲ. 27ಕ್ಕೆ ಬಂತು. ನಿಧಾನಕ್ಕೆ ನಡೆದಿರ್ಬೇಕು ಅಂದ್ಕೊಂಡೆ. ದಾಟಿದ್ರೆ ಬ್ಯಾಣ ಇಲ್ಲ, ಅಕೇಶಿಯಾ ಪ್ಲಾಂಟೇಶನ್. ಮ್ಯಾಪ್ ಹಳೇದಲ್ವಾ, ಆಮೇಲೆ ನೆಟ್ಟಿರ್ತಾರೆ ಅಂದ್ಕೊಂಡೆ. ಮೊದಲು ವಾಚ್ ನೋಡು, ಆಮೇಲೆ ಮ್ಯಾಪ್, ಕಡೇಗೆ ನೆಲ ಅಂತ ಇನ್‌ಸ್ಟ್ರಕ್ಟರ್ ಬಡ್ಕೊಂಡಿದ್ರು. ವಾಚೂ ಮ್ಯಾಪೂ ಎರಡೂ ಅಲ್ಲ ಅಂತಿದ್ರೂ ಕಂಡ ನೆಲಾನ ಹ್ಯಾಗೋ ಮ್ಯಾಪಿಗೆ ಹೊಂದಿಸ್ತಾ ಹೋದೋನು ನಾನೇ.

40 ಆಯ್ತು, 50 ಆಯ್ತು, ಮನೆ ಇಲ್ಲ, ನಾಯಿ ಬೊಗಳೋದೂ ಇಲ್ಲ. ದಾರಿ ತಪ್ಪಿದ್ರೆ ಮೊದ್ಲು ಮೇಲೇರು ಅಂತ ನಮಗೆ ಹೇಳ್ಕೊಡ್ತಾರೆ, ಎತ್ತರದಿಂದ ದೂರ ಕಾಣತ್ತೆ, ರೇಡಿಯೋನೂ ದೂರ ಮುಟ್ಟತ್ತೆ. ದಿಬ್ಬ ಹತ್ತಿದೆ, ಅಲ್ಲೂ ಮಂಜೇ. ಕಲ್ಲಿನ ಮೇಲೆ ಕೂತು ಕತ್ತಿ ಬಿಚ್ಚಿಟ್ಟು ಕಾಲಿಗೆ ಹತ್ತಿದ್ದ ಉಂಬಳ ಕೀಳ್ತಾ ಹಾಗೇ ಕಂಪಾಸ್ ನೋಡಿದ್ರೆ ಮುಳ್ಳು ಬೇರೆ ಕಡೆ ನಿಂತಿತ್ತು. ಕತ್ತಿ ಹತ್ರ ತಂದೆ, ವಾಲ್ತು. ದೂರ ಇಟ್ಟೆ, ವಾಪಸ್ ಬಂತು. ಹೆಚ್ಚುಕಮ್ಮಿ 15 ಡಿಗ್ರಿ!

ಡೀವಿಯೇಶನ್, ಅಂದ್ರೆ ಹತ್ರ ಇರೋ ಕಬ್ಬಿಣ ಕಂಪಾಸಿನ ಮುಳ್ಳನ್ನ ಎಳೆಯೋದು. ಕಾಕ್‌ಪಿಟ್ ಕಂಪಾಸಿನ ಕೆಳಗೆ ಅದಕ್ಕೇ ಅಂತ ಒಂದು ತಿದ್ದುಪಡಿ ಕಾರ್ಡೇ ಅಂಟಿಸಿರ್ತಾರೆ, ಒಂದಿನ ಅದರ ಪಕ್ಕ ಮೊಬೈಲ್ ಇಟ್ಟಿದ್ದಕ್ಕೆ ನಾನು ಮಂಗಳಾರತಿ ಮಾಡಿಸ್ಕೊಂಡಿದ್ದೆ ಬೇರೆ. ಒಂದು ಡಿಗ್ರಿ ತಪ್ಪಿದ್ರೆ 60 ಮೈಲಿಗೆ ಒಂದು ಮೈಲಿ ಆಚೆ ಬೀಳ್ತೀವಿ ಅನ್ನೋದು ಬಾಯಿಪಾಠ. ಅದೇ ಲೆಕ್ಕ ಹಾಕಿದ್ರೆ 15 ಡಿಗ್ರಿ, ಎರಡು ಕಿಲೋಮೀಟರ್, ಅರ್ಧ ಕಿಲೋಮೀಟರ್ ಪಕ್ಕಕ್ಕೆ ಸರಿದಿದ್ದೆ.

ಇನ್ನು ಉಳಿದಿದ್ದು ತಪ್ಪೊಪ್ಕೊಳ್ಳೋದು. ಗಾಳೀಲಾದ್ರೆ ರೇಡಿಯೋದಲ್ಲಿ ಹೇಳ್ಬೇಕು, ಇಲ್ಲಿ ಕೈ ಅಡ್ಡ ಹಿಡಿದು 'ಕೂ' ಹಾಕಿದೆ. ಮೂರನೇ ಸಲಕ್ಕೆ ಬಲಗಡೆಯಿಂದ ವಾಪಸ್ 'ಕೂ' ಬಂತು. ಅದನ್ನೇ ಹಿಡ್ಕೊಂಡು ಹೋದ್ರೆ ಕೊನೆಗಾರ ಜಗಲೀಲಿ ಕೂತು ಎಲೆ ಹಾಕ್ತಿದ್ದ. ಈ ಮಳೇಲಿ ಯಾವ ಮರ ಹತ್ತೋದು ಹೇಳಿ ಅಂದ, ಹೊಳವಾದ್ರೆ ಬರ್ತೀನಿ ಅಂತಾನೂ ಅಂದ. ಕಾಫಿ ಕುಡಿದು ಹೊರಟಾಗ, 'ಹಳ್ಳದ ಸದ್ದು ಎಡಗಿವೀಗೆ ಇಟ್ಕಂಡೇ ಹೋಗಿ, ಸಂಕ ಸಿಗತ್ತೆ, ದಾಟಿದ್ರೆ ನಿಮ್ಮನೆ ತೋಟದ ದಣಪೆ' ಅಂದ. ಪೈಲಟ್‌ಗಳು ಕೆಳಗಿನ ರೈಲ್ವೆ ಹಳಿ ನೋಡ್ಕೊಂಡು ಹಾರೋದೂ ಇದೇ ತಾನೆ. ಕಂಪಾಸ್ ಜೇಬಿಗೆ ಹಾಕಿದೆ, 35 ನಿಮಿಷಕ್ಕೆ ಮನೆ.

ದೊಡ್ಡಪ್ಪ ನನ್ನ ಸೊಂಟ ನೋಡಿದ್ರು.

"ಕತ್ತಿ ಎಲ್ಲೋ?"

ಕಲ್ಲಿನ ಮೇಲಿತ್ತು. ಯಾವ ಕಲ್ಲು ಅಂತ ಟೋಪೋಶೀಟಲ್ಲಿ ತೋರ್ಸಕ್ಕೆ ಹೋದೆ, ಅವರು ಆಗಲೇ ಕಂಬಳಿಕೊಪ್ಪೆ ಹಾಕ್ಕೊಂಡು ಅಂಗಳಕ್ಕೆ ಇಳಿದಿದ್ರು.