ನ್ಯೂಯಾರ್ಕಿನ ಸಂಕಟ, ಬ್ರನೋದ ಕಣ್ಣೀರು

ಜೆಕ್ ಗಣರಾಜ್ಯದ ಬ್ರನೋ ನಗರದ ಗ್ರಂಥಾಲಯವೊಂದರ ಓದುಗರ ಕೂಟದಲ್ಲಿ ಈ ವಾರ ಕೇಳಿದ ಮಾತೊಂದು ಇನ್ನೂ ಕಿವಿಯಲ್ಲೇ ಕೂತಿದೆ. ಚರ್ಚೆಗೆ ಇಟ್ಟುಕೊಂಡದ್ದು ಅಮೆರಿಕದ ಹಾನ್ಯಾ ಯಾನಾಗಿಹಾರಾ ಅವರ ಕಾದಂಬರಿಯ ಜೆಕ್ ಅನುವಾದ ‘ಮಲೀ ಝಿವೊತ್’. ನ್ಯೂಯಾರ್ಕಿನ ನಾಲ್ವರು ಗೆಳೆಯರು. ಅವರಲ್ಲಿ ಬಾಲ್ಯದ ದೌರ್ಜನ್ಯದಿಂದ ಎಂದೂ ಚೇತರಿಸಿಕೊಳ್ಳದ ವಕೀಲ ಜೂಡ್, ಅವನನ್ನು ಪ್ರೀತಿಸುವ ನಟ ವಿಲೆಮ್. ನಿವೃತ್ತ ನರ್ಸ್ ಒಬ್ಬರು ದಪ್ಪ ಪುಸ್ತಕದ ತುಂಬ ಗುರುತಿಗೆಂದು ಹಳೆಯ ಟ್ರಾಮ್ ಟಿಕೆಟ್ಟುಗಳನ್ನು ಸಿಕ್ಕಿಸಿಕೊಂಡು ಬಂದಿದ್ದರು. ಒಂದು ಪುಟ ತೆರೆದು ಓದತೊಡಗಿದವರಿಗೆ ಗಂಟಲು ಕಟ್ಟಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಗ ಎದುರು ಕುಳಿತಿದ್ದ ಯುವಕ ಕೇಳಿದ: “ನಿಮ್ಮ ಮೊಮ್ಮಗ ಭಾನುವಾರದ ಊಟಕ್ಕೆ ಇಂಥ ಒಬ್ಬ ವಿಲೆಮ್‌ನನ್ನು ಕರೆತಂದರೆ?”

“ಬರಲಿ, ನನ್ನದೇನೂ ಅಭ್ಯಂತರವಿಲ್ಲ. ಆದರೆ ಅದನ್ನೆಲ್ಲ ನಾಲ್ಕು ಜನರೆದುರು ತೋರಿಸಿಕೊಳ್ಳುವುದೇಕೆ? ನಮ್ಮಲ್ಲಿ ಅದೊಂದು ಸಮಸ್ಯೆಯೇ ಅಲ್ಲ. ಇದು ಅಮೆರಿಕದ ಕಥೆ,” ಎಂದರು ಆಕೆ.

ಆಕೆ ಕೆಟ್ಟವರಲ್ಲ. ಕಣ್ಣೀರು ಸುಳ್ಳಾಗಿರಲಿಲ್ಲ, ಅಭ್ಯಂತರವಿಲ್ಲವೆಂದದ್ದೂ ಸುಳ್ಳಲ್ಲ. ಜೆಕ್ ಜನರಲ್ಲಿ ಹೆಚ್ಚಿನವರಿಗೆ ಧರ್ಮದ ಹಂಗಿಲ್ಲವಾದ್ದರಿಂದ ಪಾಪಪುಣ್ಯದ ವಾದ ಇಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ. ಆದರೂ ‘ತೋರಿಸಿಕೊಳ್ಳುವುದೇಕೆ’ ಎಂಬ ಆ ಪ್ರಶ್ನೆಯನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೊರಳಿಸಿದಾಗ, ಅದು ಆಕೆಯೊಬ್ಬರ ಸ್ವಭಾವವಲ್ಲ, ಹಳೆಯ ಕಾನೂನೊಂದರ ಪ್ರತಿಧ್ವನಿ ಎನ್ನಿಸಿತು. ಆಗಿನ ಚೆಕೊಸ್ಲೊವಾಕಿಯಾ 1961ರ ದಂಡಸಂಹಿತೆಯಲ್ಲಿ ವಯಸ್ಕರ ಸಲಿಂಗ ಸಂಬಂಧವನ್ನು ಅಪರಾಧಗಳ ಪಟ್ಟಿಯಿಂದ ಕೈಬಿಟ್ಟಿತು. ಅನೇಕ ಪಾಶ್ಚಾತ್ಯ ದೇಶಗಳಿಗಿಂತ ಮೊದಲೇ. ಆದರೆ ಸಾರ್ವಜನಿಕರ ಕಣ್ಣಿಗೆ ಬಿದ್ದು ಮುಜುಗರ ಉಂಟುಮಾಡಿದರೆ ಶಿಕ್ಷೆ ಎಂಬ ಷರತ್ತನ್ನು ಉಳಿಸಿಕೊಂಡಿತು. ಆ ಕಲಮು ಹೋದದ್ದು 1990ರಲ್ಲಿ. ಇರು, ಕಾಣಿಸಿಕೊಳ್ಳಬೇಡ ಎಂಬ ಕರಾರಿನಲ್ಲಿ ಒಂದು ಪೀಳಿಗೆಯೇ ಬೆಳೆಯಿತು. ಕಾಣಿಸಿಕೊಂಡವರಿಗೆ ಏನಾಗುತ್ತಿತ್ತೆಂಬುದಕ್ಕೆ ತನ್ನ ಸಲಿಂಗಪ್ರೇಮವನ್ನು ಮುಚ್ಚಿಡದ ಅಮೆರಿಕದ ಕವಿ ಅಲೆನ್ ಗಿನ್ಸ್‌ಬರ್ಗ್ ಸಾಕ್ಷಿ: 1965ರ ಮೇ 1ರಂದು ಪ್ರಾಗ್‌ನ ವಿದ್ಯಾರ್ಥಿಗಳು ಅವನನ್ನು ತಮ್ಮ ವಸಂತೋತ್ಸವದ ರಾಜನನ್ನಾಗಿ ಮೆರೆಸಿದರು, ವಾರ ತುಂಬುವುದರೊಳಗೆ ಸರ್ಕಾರ ಅವನನ್ನು ವಿಮಾನ ಹತ್ತಿಸಿ ದೇಶದಿಂದ ಹೊರಹಾಕಿತು.

ಹೀಗಿರುವಾಗ ಅನುವಾದಿತ ಅಮೆರಿಕನ್ ಗೇ ಕಾದಂಬರಿ ಇಲ್ಲಿನ ಓದುಗರಿಗೆ ಎಷ್ಟು ಅನುಕೂಲದ್ದು ನೋಡಿ. ಅದರ ಗಂಡಸರು ಸಾಗರದಾಚೆಯ ಮನೆಗಳಲ್ಲಿ ಪ್ರೀತಿಸುತ್ತಾರೆ, ಅಲ್ಲೇ ಸಾಯುತ್ತಾರೆ. ಅಳುವುದಕ್ಕೆ ಇದಕ್ಕಿಂತ ಸುರಕ್ಷಿತವಾದ ಜಾಗ ಬೇರೆ ಬೇಕೆ? ಕನ್ನಡದಲ್ಲಿ ಸಲಿಂಗಪ್ರೇಮಿ ಹುಡುಗನೊಬ್ಬನ ಕಥೆ ಹೇಳುವ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗ ನಮಗೆ ಈ ದೂರದ ಸೌಲಭ್ಯವಿರಲಿಲ್ಲ, ಆ ಹುಡುಗ ನಮ್ಮ ಭಾಷೆಯಲ್ಲೇ ನಾಚಿಕೊಳ್ಳುತ್ತಿದ್ದ.

ಜೆಕ್ ಭಾಷೆಯಲ್ಲಿ ಹತ್ತಿರದ ದನಿಗಳಿಲ್ಲವೆಂದಲ್ಲ. ಯಿರ್ಝಿ ಕರಾಸೆಕ್ ಅವರ ‘ಸೊದೊಮಾ’ ಕವಿತೆಗಳನ್ನು 1895ರಲ್ಲೇ, ಆಗ ಈ ನಾಡನ್ನು ಆಳುತ್ತಿದ್ದ ಆಸ್ಟ್ರಿಯಾದ ಅಧಿಕಾರಿಗಳು ಮುಟ್ಟುಗೋಲು ಹಾಕಿಕೊಂಡಿದ್ದರು. ಲಾದಿಸ್ಲಾವ್ ಫುಕ್ಸ್ ಕಮ್ಯುನಿಸ್ಟ್ ಕಾಲದಲ್ಲಿ ತಮ್ಮ ಒಲವನ್ನು ಕಾದಂಬರಿಗಳ ಒಳಪದರಗಳಲ್ಲಿ ಬಚ್ಚಿಟ್ಟು ಬರೆದರು. ಹಾಗಿದ್ದೂ ಕೂಟದಲ್ಲಿ ಹಲವರು ಈ ವಸ್ತುವನ್ನು ಅಮೆರಿಕದಿಂದ ಆಮದಾದ ಸರಕೆಂಬಂತೆಯೇ ಚರ್ಚಿಸಿದರು.

ಯುವಕನ ಸಿಟ್ಟು ಬೇರೆಯದಾಗಿತ್ತು. ಇಂಥ ಕಾದಂಬರಿಯಲ್ಲಿ ತನ್ನಂಥವರು ಕೊನೆಯ ಪುಟದವರೆಗೆ ಬದುಕಿರುವುದೇ ಅಪರೂಪ, ಸತ್ತ ಮೇಲಷ್ಟೇ ಎಲ್ಲರಿಗೂ ಪ್ರೀತಿ ಉಕ್ಕುತ್ತದೆ ಎಂದ. ತಾನು ಯಾರೆಂದು ಅವನು ಹೇಳಿದ್ದು ಅದೇ ಮೊದಲಿರಬೇಕು, ಕೋಣೆಯಲ್ಲಿ ಕಾಫಿ ಕಪ್ಪುಗಳ ಸದ್ದು ಇದ್ದಕ್ಕಿದ್ದಂತೆ ಹೆಚ್ಚಾಯಿತು. ಕೂಟ ನಡೆಸುತ್ತಿದ್ದಾಕೆ, ಬಹಳ ಸೌಜನ್ಯದ ಹೆಂಗಸು, ಮಾತನ್ನು ಅನುವಾದದ ಗುಣಮಟ್ಟದತ್ತ ತಿರುಗಿಸಿದರು. ಅಂಥ ಸೌಜನ್ಯದ ಬಗ್ಗೆ ನನಗೆ ಹೆಚ್ಚು ಗೌರವವಿಲ್ಲ. 2025ರ ಜನವರಿಯಿಂದ ಜಾರಿಗೆ ಬಂದ, ಸಲಿಂಗ ಜೋಡಿಗಳಿಗಾಗಿ ಮಾಡಿದ ಇಲ್ಲಿನ ಪಾಲುದಾರಿಕೆ ಕಾನೂನೂ ಇದೇ ಸೌಜನ್ಯದ್ದು: ಮದುವೆಯ ಹಕ್ಕುಗಳನ್ನು ಬಹುಪಾಲು ಕೊಟ್ಟು, ಮದುವೆಯೆಂಬ ಹೆಸರನ್ನೂ ಇಬ್ಬರೂ ಜೊತೆಯಾಗಿ ದತ್ತು ಪಡೆಯುವ ಅವಕಾಶವನ್ನೂ ತಡೆಹಿಡಿದಿದೆ.

ಮುಂದಿನ ಪುಸ್ತಕ ಯಾವುದೆಂಬ ಮಾತು ಬಂದಾಗ ಯುವಕ ಫುಕ್ಸ್ ಹೆಸರು ಹೇಳಿದ. ಜೂಡ್‌ನ ಸಂಕಟವನ್ನೆಲ್ಲ ಅರಗಿಸಿಕೊಂಡಿದ್ದವರಿಗೆ ಅದು ಭಾರವೆನ್ನಿಸಿತು. ಕೈಯೆತ್ತಿಸಿದಾಗ ಇನ್ನೊಂದು ಅಮೆರಿಕನ್ ಕಾದಂಬರಿ ಸುಲಭವಾಗಿ ಗೆದ್ದಿತು. ಫುಕ್ಸ್ ಪರ ಎದ್ದ ಕೈಗಳು ಅವನದು ಮತ್ತು ನನ್ನದು ಮಾತ್ರ.