ಹಗ್ಗದ ಕೆಳಗಿನ ತುದಿ
18 ನವೆಂಬರ್ 2024, ಸೋಮವಾರ, ರಾತ್ರಿ

ಸಾಹಸ ಶಿಬಿರದ ಮೊದಲ ದಿನ ಸಾಹಸಕ್ಕಿಂತ ತಲೆ ಎಣಿಸುವ ಕೆಲಸವೇ ಜಾಸ್ತಿ. ಬಸ್ ಹತ್ತುವಾಗ ನಮ್ಮ ಶಾಲೆಯ ಮಕ್ಕಳು 42. ದಾರಿಯಲ್ಲಿ ನಿಲ್ಲಿಸಿ ಮತ್ತೆ ಹತ್ತಿದಾಗ 41. ಎದೆ ಧಸಕ್ಕೆಂದಿತು. ನೋಡಿದರೆ ಒಬ್ಬ ಮಹಾಶಯ ಸೀಟಿನ ಕೆಳಗೆ ತೂರಿಕೊಂಡು ತನ್ನ ಒಂದು ಶೂ ಹುಡುಕುತ್ತಿದ್ದ. ಆ ಶೂ ಕೊನೆಗೆ ಸಿಕ್ಕಿದ್ದು ಡ್ರೈವರ್ ಪಕ್ಕದಲ್ಲಿ. ಅಲ್ಲಿಗೆ ಹೇಗೆ ಹೋಯಿತೆಂದು ಯಾರೂ ಬಾಯಿ ಬಿಡಲಿಲ್ಲ, ನಾನೂ ಕೆದಕಲಿಲ್ಲ.

ಶಿಬಿರ ತಲುಪಿದ ಮೇಲೆ ಹಾಸಿಗೆ ಹಂಚಿಕೆ. ಮೇಲಿನ ಬಂಕ್‌ಗಾಗಿ ನಡೆದ ಜಗಳದ ವಿವರ ಇಲ್ಲಿ ಬೇಡ. ಔಷಧಿಗಳನ್ನೆಲ್ಲ ಹೆಸರು ಬರೆದು ನಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆವು. ಇನ್‌ಹೇಲರ್ ಮಾತ್ರ ಆಯಾ ಮಕ್ಕಳ ಕೈಯಲ್ಲೇ. ಉಬ್ಬಸ ಬಂದಾಗ ಬೀಗದ ಕೈ ಯಾರ ಹತ್ತಿರ ಅಂತ ಹುಡುಕುತ್ತಾ ಕೂರೋಕಾಗುತ್ತದೆಯೇ?

ಮಧ್ಯಾಹ್ನ ಹತ್ತುಗೋಡೆ. ಎತ್ತರ ಸುಮಾರು 10 ಮೀಟರ್. ಮಕ್ಕಳೆಲ್ಲ ಈಗಲೇ ಹತ್ತಿಬಿಡುವ ಹುರುಪಿನಲ್ಲಿದ್ದರು. ತರಬೇತುದಾರರು ಮಾತ್ರ ಅರ್ಧ ಗಂಟೆ ಯಾರನ್ನೂ ಗೋಡೆ ಮುಟ್ಟಲೂ ಬಿಡಲಿಲ್ಲ. ಹಾರ್ನೆಸ್‌ನ, ಅಂದರೆ ಹಗ್ಗ ಕಟ್ಟಲು ಸೊಂಟ ಮತ್ತು ತೊಡೆಗೆ ಹಾಕುವ ಪಟ್ಟಿಗಳ, ಬೆಲ್ಟ್ ಸೊಂಟದ ಮೂಳೆಗಿಂತ ಮೇಲಿರಬೇಕು. ಕೆಳಗೆ ಕೂತರೆ, ತಲೆಕೆಳಗಾದಾಗ ಜಾರಿಹೋಗಬಹುದು. ಹೆಲ್ಮೆಟ್ ಹಣೆ ಮುಚ್ಚಬೇಕು, ಸ್ಟೈಲಿಗೆ ಹಿಂದಕ್ಕೆ ಸರಿಸುವಂತಿಲ್ಲ. ಆಮೇಲೆ ಗಂಟು. ಇಂಗ್ಲಿಷ್ ಎಂಟರ ಆಕಾರದ್ದು. ಒಂದು ಎಂಟು ಕಟ್ಟಿ, ಹಗ್ಗದ ತುದಿಯನ್ನು ಹಾರ್ನೆಸ್‌ನೊಳಗೆ ತೂರಿಸಿ, ಬಂದ ದಾರಿಯಲ್ಲೇ ಅದನ್ನು ವಾಪಸ್ ನಡೆಸಬೇಕು. ಗೆರೆಗಳು ಜೋಡಿ ಜೋಡಿಯಾಗಿ ಕಂಡರೆ ಸರಿ. ಎಲ್ಲಾದರೂ ಒಂಟಿ ಗೆರೆ ಕಂಡರೆ ಬಿಚ್ಚಿ ಮತ್ತೆ ಕಟ್ಟು. ನೋಡಿದ ಕೂಡಲೇ ತಪ್ಪು ಗೊತ್ತಾಗುತ್ತದೆ ಅನ್ನೋದೇ ಈ ಗಂಟಿನ ದೊಡ್ಡ ಗುಣವಂತೆ. ನಮ್ಮ ಗಣಿತದ ಉತ್ತರಪತ್ರಿಕೆಗಳಿಗೂ ಈ ಗುಣ ಇದ್ದಿದ್ದರೆ!

ಚಪ್ಪಾಳೆಯೆಲ್ಲ ಹತ್ತುವವರಿಗೆ ಬಿತ್ತು. ನನ್ನ ಕಣ್ಣು ನೆಟ್ಟಿದ್ದು ಕೆಳಗೆ ಹಗ್ಗ ಹಿಡಿದ ಮಕ್ಕಳ ಮೇಲೆ. ಹಗ್ಗ ಹತ್ತುವವರ ಸೊಂಟದಿಂದ ಮೇಲೆ ಹೋಗಿ, ಗೋಡೆಯ ತುದಿಯ ಕೊಂಡಿ ದಾಟಿ, ಇಳಿದು ಕೆಳಗಿನವರ ಹಾರ್ನೆಸ್‌ಗೆ ಸಿಕ್ಕಿಸಿದ, ಹಗ್ಗ ತಡೆಹಿಡಿಯುವ ಬಿಲೇ ಸಾಧನದೊಳಗೆ ಬರುತ್ತದೆ. ಅಲ್ಲಿ ಹಗ್ಗ ಬಾಗಿ ಉಜ್ಜುವುದರಿಂದಲೇ ಪುಟ್ಟ ಕೈಗಳು ದೊಡ್ಡ ಭಾರ ತಡೆಯಬಲ್ಲವು. ಷರತ್ತು ಒಂದೇ: ಬ್ರೇಕ್‌ನಂತೆ ಹಗ್ಗ ಹಿಡಿದ ಕೈ ಯಾವ ಕಾರಣಕ್ಕೂ ಅದನ್ನು ಬಿಡಬಾರದು. ಮೂಗು ತುರಿಸಿದರೂ. ಜೊತೆಗೆ ಹಗ್ಗದ ಬಾಲ ಹಿಡಿಯಲು ಇನ್ನೊಬ್ಬರು, ಪಕ್ಕದಲ್ಲೇ ತರಬೇತುದಾರರು.

ತರಗತಿಯಲ್ಲಿ ಐದು ನಿಮಿಷ ಒಂದು ಕಡೆ ಕೂರದ ಹುಡುಗನೊಬ್ಬನಿದ್ದಾನೆ. ಅವನ ಸರದಿ ಬಂದಾಗ, ಸತ್ಯ ಹೇಳಬೇಕೆಂದರೆ, ಬೇರೆಯವರನ್ನು ಕರೆಯಿರಿ ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವನು ಹಗ್ಗ ಹಿಡಿದಾಗಿತ್ತು. ಮೇಲೆ ಹುಡುಗಿಯೊಬ್ಬಳು ಅರ್ಧಕ್ಕೆ ನಿಂತಳು. ತೋಳಿನ ಬಲದಲ್ಲೇ ಎಳೆದುಕೊಂಡು ಹೋಗಿ ಕೈ ಸೋತಿತ್ತು, ಕಾಲು ಗಡಗಡ. ಕೆಳಗಿನವರೆಲ್ಲ ಒಟ್ಟಿಗೆ ಕೂಗತೊಡಗಿದರು, ಎಡಕ್ಕೆ, ಬಲಕ್ಕೆ, ಮೇಲಕ್ಕೆ. ಇವನು ಸಡಿಲ ಬಿದ್ದ ಹಗ್ಗ ಎಳೆದುಕೊಂಡು, ಕತ್ತು ಎತ್ತಿದವನು ಎತ್ತಿದಂತೆಯೇ ಹೇಳಿದ: "ನಾನು ಹಿಡ್ಕೊಂಡಿದೀನಿ. ಕೈ ಬೇಡ, ಕಾಲು ಮೇಲಿಡು." ಅವಳು ಇನ್ನೆರಡು ಹಿಡಿಕೆ ಹತ್ತಿ, ಸಾಕು ಅಂದಳು. ತುದಿ ಮುಟ್ಟಲಿಲ್ಲ. ಅವನು ಒಂದಿಷ್ಟೂ ಜರ್ಕ್ ಇಲ್ಲದೆ ನಿಧಾನವಾಗಿ ಇಳಿಸಿದ. ಅವಳ ಎರಡೂ ಕಾಲು ನೆಲ ಮುಟ್ಟಿ, ತರಬೇತುದಾರರು ಹೇಳುವ ತನಕ ಅವನ ಬಲಗೈ ಹಗ್ಗ ಬಿಟ್ಟಿರಲಿಲ್ಲ.

ಕೊನೆಗೆ ಎಷ್ಟು ಜನ ತುದಿ ಮುಟ್ಟಿದರು ಅಂತ ಲೆಕ್ಕ ಹಾಕಲು ಹೊರಟ ಸಹೋದ್ಯೋಗಿಗೆ ಬೇಡ ಅಂದೆ. ಆ ಪಟ್ಟಿಯಲ್ಲಿ ಇವನ ಹೆಸರೇ ಇರುತ್ತಿರಲಿಲ್ಲ. ಅವನಿಗೆ ಎತ್ತರ ಅಂದರೆ ಭಯ, ಎರಡು ಮೀಟರಿಗೇ ಇಳಿದುಬಿಟ್ಟಿದ್ದ.

ರಾತ್ರಿ ನಿರೀಕ್ಷಿಸಿದ್ದೇ ಆಯಿತು. ಹಗಲೆಲ್ಲ ಮೈಮರೆತ ಮಕ್ಕಳಿಗೆ ದೀಪ ಆರಿದ ಮೇಲೇ ಮನೆ ನೆನಪಾಗೋದು. ಒಬ್ಬಳು ಬಿಕ್ಕುತ್ತಾ ಬಂದಳು. "ಮಿಸ್, ಬೇಜಾರಾದ್ರೆ ಫೋನ್ ಮಾಡು, ಬಂದು ಕರ್ಕೊಂಡು ಹೋಗ್ತೀನಿ ಅಂತ ಅಮ್ಮ ಹೇಳಿದಾರೆ." ಪ್ರೀತಿಯಿಂದಲೇ ಹೇಳಿದ ಮಾತು, ಆದರೆ ಮಗುವಿನ ಕಿವಿಗೆ ಅದು ನಿನ್ನ ಕೈಲಾಗಲ್ಲ ಅಂತಲೇ ಕೇಳಿಸುತ್ತದೆ. ತಂದೆ ತಾಯಂದಿರೇ, ದಯವಿಟ್ಟು ಇದೊಂದು ಭರವಸೆ ಕೊಟ್ಟು ಕಳಿಸಬೇಡಿ. ಅಳಬೇಡ ಅನ್ನಲಿಲ್ಲ. ನೀರು ಕುಡಿಸಿ, ಅಮ್ಮನಿಗೆ ಒಂದು ಪತ್ರ ಬರಿ ಅಂದೆ. ಗೋಡೆ, ಗಂಟು, ಬಂಕ್ ಜಗಳ ಎಲ್ಲ ಸೇರಿಸಿ ಒಂದೂವರೆ ಪುಟ ಬರೆದಳು. ಬೇಜಾರಿನ ವಿಷಯ ಮರೆತೇ ಹೋಗಿತ್ತು ಅಂತ ಕಾಣುತ್ತದೆ, ಅದರಲ್ಲಿ ಇರಲಿಲ್ಲ.

ನಾಳೆ ಖಾಲಿ ಡ್ರಮ್ಮು, ಬೊಂಬು, ಹಗ್ಗ ಕೊಟ್ಟು ತೆಪ್ಪ ಕಟ್ಟಿಸುತ್ತಾರಂತೆ. ಶಿಕ್ಷಕರೂ ಒಂದು ತಂಡ ಮಾಡಬೇಕು ಅಂತ ಈಗಷ್ಟೇ ತಿಳಿಯಿತು. ಹಗ್ಗ ಕಟ್ಟುವ ಜವಾಬ್ದಾರಿಗೆ ಆ ಹುಡುಗನನ್ನು ನಮ್ಮ ತಂಡಕ್ಕೆ ಕೇಳಿದೆ. "ನೋಡ್ತೀನಿ ಮಿಸ್," ಅಂದಿದ್ದಾನೆ.